ಫೋಟೋ ತೆಗೆಸದೇ ಹೋದವರ ಮುಖ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಇದ್ದ ನಮ್ಮ ಸ್ಟುಡಿಯೋದ ಬೋರ್ಡಿನ ಮೇಲೆ ಪಾಸ್‌ಪೋರ್ಟ್ ಸೈಜು, ಮದುವೆ ವಿಡಿಯೋ, ಲ್ಯಾಮಿನೇಷನ್, ಫ್ರೇಮ್ ಕಟ್ಟುವುದು ಅಂತ ಬರೆದಿತ್ತು. ನಾನು ಮಾಡುತ್ತಿದ್ದ ಕೆಲಸ ಅದರಲ್ಲಿ ಇರಲಿಲ್ಲ. ನಾನು ಸತ್ತವರ ಫೋಟೋ ಮಾಡುತ್ತಿದ್ದೆ. ಫೋಟೋ ತೆಗೆಯುವುದು ಬೇರೆ, ಮಾಡುವುದು ಬೇರೆ. ಕ್ಯಾಮೆರಾ ಇದ್ದವರೆಲ್ಲ ತೆಗೆಯುತ್ತಾರೆ. ಮಾಡುವುದು ರಾಯಚೂರಿನಲ್ಲಿ ನಮಗೆ ಬಂದಷ್ಟು ಯಾರಿಗೂ ಬರುತ್ತಿರಲಿಲ್ಲ. ಇದು ಜಂಬ ಅಲ್ಲ. ಬೇರೆ ಸ್ಟುಡಿಯೋದವರೇ ಗಿರಾಕಿಗಳನ್ನು ನಮ್ಮ ಕಡೆ ಕಳಿಸುತ್ತಿದ್ದರು.

ನನಗೀಗ ಮೂವತ್ತಾರು. ಈ ವಯಸ್ಸಿಗೆ ನಿವೃತ್ತಿ ಅಂದರೆ ಜನ ನಗುತ್ತಾರೆ. ನಗಲಿ. ಸ್ಟುಡಿಯೋ ಮುಚ್ಚಿತು, ನನ್ನ ಕಣ್ಣೂ ಇನ್ನು ಸಾಕು ಅಂದವು. ಈಗ ಮಾನ್ವಿಯಲ್ಲಿ ಒಂದು ಅಕ್ಕಿ ಮಿಲ್ಲಿನ ಗೇಟಿನಲ್ಲಿ ಲಾರಿಗಳನ್ನು ಒಳಗೆ ಬಿಡುತ್ತೇನೆ. ಹೊಸದಾಗಿ ಸ್ಟುಡಿಯೋ ಇಟ್ಟ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಅಣ್ಣಾ, ಒಂದು ಮುಖ ಕೂಡುತ್ತಿಲ್ಲ, ಏನು ಮಾಡಲಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಬೇಸರವಾಗಿದೆ. ಅದಕ್ಕೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನಮ್ಮೂರು ಮಟಮಾರಿ. ಅಲ್ಲಿಂದ ಬಂದು ಸ್ಟುಡಿಯೋ ಸೇರಿದೆ. ನಾವು ಹಿಂದೂಗಳೇ, ಮೊಹರಂ ಹರಕೆಯಿಂದ ಹುಟ್ಟಿದವನು ಅಂತ ನನಗೆ ಹುಸೇನ ಅಂತ ಹೆಸರಿಟ್ಟಿದ್ದರು. ಮಾಲಕರು ವಿಠ್ಠಲ್ ಸೇಠ್. ಪಂಢರಪುರದ ಕಡೆಯವರು, ವಯಸ್ಸಿನಲ್ಲಿ ಬಂದು ರಾಯಚೂರಿನಲ್ಲೇ ಮುದುಕರಾದವರು. ಬಾಯಿ ಕೆಟ್ಟದ್ದು, ಕೈ ಬಂಗಾರ. ನಾನು ಸೇರಿದಾಗ ಇನ್ನೂ ಬ್ರಷ್ಷು, ಪೆನ್ಸಿಲ್ಲು ಇತ್ತು. ಪ್ರಿಂಟಿನ ಮೇಲೆಯೇ ರೆಪ್ಪೆ ತಿದ್ದುತ್ತಿದ್ದರು. ಕಂಪ್ಯೂಟರ್ ಆಮೇಲೆ ಬಂತು. ಆದರೆ ಸೇಠ್ ನನಗೆ ಮೊದಲು ಕಲಿಸಿದ್ದು ಬ್ರಷ್ಷೂ ಅಲ್ಲ, ಕಂಪ್ಯೂಟರೂ ಅಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕೂತುಕೊಂಡು ಬಾ ಅಂದರು.

"ಬಸ್ ಇಳಿಯೋ ಮಂದಿನ್ನ ನೋಡು ಹುಸೇನ್ಯಾ. ಯಾರ ಮಗ ಯಾರು ಅಂತ ಮನಸ್ಸಿನ್ಯಾಗ ಹೇಳ್ಕೋತ ಕೂಡು. ಮಾರಿ ದಪ್ಪ ಆಗ್ತದ, ಒಣಗ್ತದ. ಕಿವಿ ನೋಡು, ಗದ್ದ ನೋಡು, ಹಣಿ ಮ್ಯಾಲ ಕೂದಲ ಎಲ್ಲಿಂದ ಸುರು ಆಗ್ತದ ನೋಡು."

ಹೋಗಿ ಕೂತೆ. ಕೆಲವು ದಿನಕ್ಕೆ ಹುಚ್ಚು ಹತ್ತಿತು. ಯಾರನ್ನು ನೋಡಿದರೂ ಕಿವಿ, ಗದ್ದವೇ ಕಾಣುತ್ತಿದ್ದವು. ಒಂದು ದಿನ ಗಬ್ಬೂರು ಕಡೆಯ ಬಸ್ಸಿನಿಂದ ಇಬ್ಬರು ಅಣ್ಣತಮ್ಮಂದಿರು ಇಳಿದರು. ಅಣ್ಣನ ಹೆಗಲ ಮೇಲೆ ಒಂದು ಕೂಸು. ಕೂಸಿನ ಗದ್ದ, ಕಿವಿ ಎಲ್ಲ ತಮ್ಮನವೇ. ನಾನು ಜಾಣತನ ತೋರಿಸಲು ಹೋದೆ.

"ಯಣ್ಣಾ, ಈ ಕೂಸು ನಿಮ್ಮ ತಮ್ಮಂದಲ್ರಿ?"

"ನಂದ ಲೇ ಮಗನ," ಅಂದು ಅವನು ಕೂಸನ್ನು ಇಳಿಸಿ ಚಪ್ಪಲಿಗೆ ಕೈ ಹಾಕಿದ. ನಾನು ಸ್ಟುಡಿಯೋವರೆಗೆ ಓಡಿಬಂದೆ.

ಸೇಠ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: "ಕಾಕಾನ ಮಾರಿ ಬರ್ತದ, ದೊಡ್ಡಪ್ಪನ ಮಾರಿ ಬರ್ತದ. ಮನಿ ಒಂದ, ರಕ್ತ ಒಂದ. ಅದಕ್ಕ ನೀ ನೋಡು, ಖರೆ ಬಾಯಿ ಬಿಡಬ್ಯಾಡ. ನಮ್ಮದು ಮಾರಿ ಮಾಡೋ ಧಂದೆ. ಪಂಚಾಯ್ತಿ ಮಾಡೋದಲ್ಲ."

ಈ ಕೆಲಸಕ್ಕೆ ಬರುವವರು ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಯಾರು ಯಾರಂತೆ ಇದ್ದಾರೆ ಅಂತ ಗಿರಾಕಿಗೆ ಹೇಳಬಾರದು. ನಾನು ಆ ಮಾತನ್ನು ಒಂದೇ ಒಂದು ಸಲ ಮೀರಿದೆ. ಅದು ಮುಂದೆ ಬರುತ್ತದೆ.

ಇನ್ನು ಬಣ್ಣ. ಮುಖದ ಬಣ್ಣವನ್ನು ನಂಬಿದರೆ ಕೆಟ್ಟಿರಿ. ನಮ್ಮ ಬಿಸಿಲು ಗೊತ್ತಲ್ಲ. ಒಬ್ಬಳೇ ತಾಯಿಯ ಮಕ್ಕಳು, ಒಬ್ಬ ಭತ್ತದ ಗದ್ದೆಯಲ್ಲಿ ಬಗ್ಗಿರುತ್ತಾನೆ, ಇನ್ನೊಬ್ಬ ಕಿರಾಣಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾನೆ. ನಿಲ್ಲಿಸಿ ನೋಡಿದರೆ ಬೇರೆ ಬೇರೆ ಮನೆಯವರು ಅನ್ನಬೇಕು. ನಾನು ಅಂಗಿಯ ತೋಳು ಮೇಲೆ ಸರಿಸಿ ರಟ್ಟೆಯ ಒಳಮೈ ನೋಡುತ್ತಿದ್ದೆ. ಅದು ಅಪ್ಪ ಅವ್ವ ಕೊಟ್ಟ ಬಣ್ಣ. ಮುಖದ ಮೇಲೆ ಇರುವುದು ಬಿಸಿಲು ಕೊಟ್ಟದ್ದು. ಗಿರಾಕಿಗಳಿಗೆ ಮಾತ್ರ ಎರಡೂ ಬೇಡ. ಬೆಳ್ಳಗೆ ಬೇಕು.

ಗಿಲ್ಲೆಸುಗೂರಿನವನೊಬ್ಬ ವ್ಯಾಪಾರದಲ್ಲಿ ಮೇಲೆ ಬಂದಿದ್ದ. ಅವರಪ್ಪನ ಹಳೇ ಫೋಟೋ ತಂದು, ಮಾಸಿದ್ದನ್ನು ತಿದ್ದಿ ಸ್ವಲ್ಪ ಬೆಳ್ಳಗೆ ಮಾಡಿರಿ, ಮೂಗೂ ಸ್ವಲ್ಪ ನೆಟ್ಟಗೆ ಮಾಡಿರಿ ಅಂದ. ಸೇಠ್ ಊರಲ್ಲಿರಲಿಲ್ಲ. ಗಿರಾಕಿ ಹೇಳಿದ್ದೇ ಸರಿ ಅಂತ ನಾನು ಮಾಡಿಕೊಟ್ಟೆ. ಮಗನಿಗೆ ಬಹಳ ಖುಷಿ. ಮರುವಾರ ಅವನ ತಾಯಿ ಒಬ್ಬಳೇ ಬಸ್ಸು ಹತ್ತಿ ಬಂದಳು, ಕಂಕುಳಲ್ಲಿ ಆ ಫ್ರೇಮು.

"ಇವ ಯಾವನ್ಲೇ ತಮ್ಮಾ?"

"ನಿಮ್ಮ ಯಜಮಾನ್ರು ಯವ್ವಾ."

"ನನಗ ಹೇಳ್ತಿ? ಯಾವನೋ ತಹಶೀಲ್ದಾರನ್ನ ತಂದು ನಮ್ಮ ಗ್ವಾಡಿಗಿ ಹಾಕೀರಿ. ಇವನ ಮುಂದ ಸೀರಿ ಉಡಾಕ ನಾಚಿಕಿ ಬರಾಕತ್ತದ ನನಗ. ಇವನ್ನ ನೀನ ಇಟ್ಕೋ, ನನ್ನ ಗಂಡನ್ನ ನನಗ ಕೊಡು."

ಕರ್ರಗೆ, ಸೊಟ್ಟ ಮೂಗಿನವನನ್ನೇ ಮಾಡಿಕೊಟ್ಟೆ. ಒಯ್ದಳು. ಅವತ್ತಿನಿಂದ ಬೆಳ್ಳಗೆ ಮಾಡಿ ಅಂದವರಿಗೆ, ಮನೆಯ ಮುದುಕಿಯನ್ನು ಕರೆದುಕೊಂಡು ಬನ್ನಿ, ಆಕೆ ಹೂಂ ಅಂದರೆ ಮಾಡುತ್ತೇನೆ ಅನ್ನುತ್ತಿದ್ದೆ. ಯಾರೂ ಕರೆದುಕೊಂಡು ಬರಲಿಲ್ಲ.

ಮಾನ್ವಿಯ ಅಕ್ಕಿ ಮಿಲ್ಲಿನ ಅಣ್ಣತಮ್ಮಂದಿರು ತಂದ ಫೋಟೋದಲ್ಲಿ ಅವರಪ್ಪನ ಹಣೆಯ ವಿಭೂತಿ, ಒಂದು ಕಣ್ಣು ಅಷ್ಟೇ ಉಳಿದಿತ್ತು. ಉಳಿದದ್ದನ್ನು ಗೆದ್ದಲು ತಿಂದಿತ್ತು. ಆಗ ಸೇಠ್ ತಮ್ಮ ದೊಡ್ಡ ಲೆಕ್ಕ ಕಲಿಸಿದರು.

"ಮಕ್ಕಳ ಮಾರಿ ಹಿಡಿ. ತಾಯಿ ಮಾರಿ ಹಿಡಿ. ಮಕ್ಕಳ ಮಾರಿಯಾಗ ತಾಯಿದು ಏನದ ಅದನ್ನ ತಗದು ಬಾಜೂ ಇಡು. ಉಳಿದದ್ದು ಅಪ್ಪಂದು. ಅಪ್ಪನ ಅಣ್ಣನೋ ತಮ್ಮನೋ ಇದ್ರ ಅವನ ಜೋಡಿ ತಾಳಿ ನೋಡು."

ಹಾಗೇ ಮಾಡಿದೆ. ತಾಯಿಯ ಗುಂಡು ಗಲ್ಲ ತೆಗೆದೆ. ಇಬ್ಬರಲ್ಲೂ ಉಳಿದ ಚಪ್ಪಟೆ ಗದ್ದ, ದಪ್ಪ ಕೆಳತುಟಿ ಇಟ್ಟೆ. ಕಾಕಾನನ್ನು ಕೂರಿಸಿ ತಾಳೆ ನೋಡಿದೆ. ಕೂಡಿತು. ಅಣ್ಣತಮ್ಮಂದಿರು ಬಂದು ನೋಡಿದರು. ಆಮೇಲೆ ದೊಡ್ಡವನು, "ಕರೀ ಕೋಟ್ ಹಾಕ್ರಿ ಅಪ್ಪಗ," ಅಂದ.

"ಅಪ್ಪ ಯಾವಾಗ ಕೋಟ್ ಹಾಕಿದ್ದ?" ಅಂದ ಸಣ್ಣವನು. "ಮಿಲ್ಲಿನಾಗ ಬನಿಯನ್ ಮ್ಯಾಲ ಇರ್ತಿದ್ದ."

"ಹಂಗಂತ ಬನಿಯನ್ ಮ್ಯಾಲ ಗ್ವಾಡಿಗಿ ಹಾಕ್ತಿಯೇನು?"

ಜಗಳ ಜೋರಾಯಿತು. ನಾನು ಹೆದರಿ ಸೇಠ್ ಕಡೆ ನೋಡಿದೆ. ಅವರು ಮೂಲೆಯ ಕುರ್ಚಿಯಿಂದ ಮೆಲ್ಲಗೆ, "ಪ್ರಿಂಟ್ ತೆಗಿ ಹುಸೇನ್ಯಾ," ಅಂದರು. ಅಣ್ಣತಮ್ಮಂದಿರು ಹೋದ ಮೇಲೆ ಹೇಳಿದರು: "ಚಂದ ಅದ, ಥೇಟ್ ಅದ ಅಂತ ಹೊಗಳಿದ್ರ ನಂಬಬ್ಯಾಡ, ಅದು ಮರ್ಯಾದಿಗಿ ಅಂದಿರ್ತಾರ. ಮಾರಿ ಬಿಟ್ಟು ಅಂಗಿ ಮ್ಯಾಲ ಜಗಳಾ ತಗದ್ರಂದ್ರ ಕೆಲಸ ಆತು ಅಂತ ತಿಳ್ಕೋ. ಮನಷ್ಯಾ ಸಿಕ್ಕ ಮ್ಯಾಲನ ಅಂಗಿ ನೆನಪಾಗ್ತದ."

ನಾನು ಈಗ ಕಾಯುವ ಗೇಟು ಅವರದೇ ಮಿಲ್ಲಿನದು. ಆ ಫೋಟೋ ಆಫೀಸಿನಲ್ಲಿ ಇದೆ, ಕರೀ ಕೋಟಿನಲ್ಲಿ. ಹಮಾಲರು ಒಳಗೆ ಬಂದರೆ ಅದಕ್ಕೆ ಕೈ ಮುಗಿಯುತ್ತಾರೆ. ನಾನು ಏನೂ ಹೇಳಿಕೊಳ್ಳುವುದಿಲ್ಲ, ಬಾಗಿಲಲ್ಲಿ ನಿಂತು ನೋಡುತ್ತೇನೆ.

ಆ ಲೆಕ್ಕದಿಂದ ಎಷ್ಟೋ ಮುಖ ಮಾಡಿದೆವು. ಕೆಲವು ಕೂಡಲಿಲ್ಲ. ಯಾಕೆ ಕೂಡಲಿಲ್ಲ ಅಂತ ನಮಗೆ ತಿಳಿಯುತ್ತಿರಲಿಲ್ಲ. ಗಿರಾಕಿಗೆ ನೆನಪಿಲ್ಲ ಅಂದುಕೊಂಡು ಬಿಡುತ್ತಿದ್ದೆವು. ಯಾಕೆ ಅಂತ ತಿಳಿದದ್ದು ದೇವದುರ್ಗದ ಹುಲಿಗೆವ್ವ ಬಂದಾಗ.

ಆಗ ಸ್ಟುಡಿಯೋಗೆ ಕೆಟ್ಟ ಕಾಲ ಶುರುವಾಗಿತ್ತು. ಎಲ್ಲರ ಕೈಯಲ್ಲೂ ಫೋನು. ಒಂದು ದಿನ ಮೂರು ಜನ ಒಳಗೆ ಬಂದರು. ತಾಯಿ ಹುಲಿಗೆವ್ವ, ಗಾರೆ ಕೆಲಸಕ್ಕೆ ಹೋಗುವ ದೊಡ್ಡ ಮಗ ದ್ಯಾವಪ್ಪ, ಇಪ್ಪತ್ತರ ಒಳಗಿನ ಮಗಳು ನಾಗು. ಮಾತಾಡಿದ್ದು ನಾಗು.

"ನಮ್ಮಪ್ಪನ ಫೋಟೋ ಬೇಕ್ರಿ."

"ಹಳೇದು ತಂದೀರೇನು?"

"ಇದ್ದಿದ್ರ ಇಲ್ಲಿಗ್ಯಾಕ ಬರ್ತಿದ್ವಿ?"

ಸೇಠ್ ಕುರ್ಚಿಯಲ್ಲಿ ನಕ್ಕರು. ನನಗೂ ಹುಡುಗಿ ಹಿಡಿಸಿದಳು. ಫೋಟೋ ಅನ್ನುವುದು ಒಂದೂ ಇರಲಿಲ್ಲ. ಮದುವೆಯಲ್ಲಿ ತೆಗೆಸಿರಲಿಲ್ಲ. ಊರಿಗೆ ವೋಟಿನ ಕಾರ್ಡಿನವರು ಕ್ಯಾಮೆರಾ ತಂದ ದಿನ ಅವನು ದುಡಿಯಲು ಹೊರಗೆ ಹೋಗಿದ್ದ. ಆಮೇಲೆ ಕಟ್ಟುತ್ತಿದ್ದ ಗೋಡೆ ಮೈಮೇಲೆ ಬಿದ್ದು ಸತ್ತ. ನಾಗು ಆಗ ಹೊಟ್ಟೆಯಲ್ಲಿದ್ದಳು. ಈಗ ನಾಗುವಿನ ಮದುವೆ ಕೂಡಿತ್ತು. ಮದುವೆಗೆ ಮುಂಚೆ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರಲ್ಲ, ಆ ಮನೆಯಲ್ಲಿ ಇಷ್ಟು ವರ್ಷ ಅಪ್ಪನ ಬದಲು ಒಂದು ತಂಬಿಗೆ ಇಟ್ಟು, ಅದರ ಮುಂದೆ ಧೋತರ ಮಡಚಿ ಇಡುತ್ತಿದ್ದರು.

"ತಂಬಿಗಿಗಿ ಅಪ್ಪಾ ಅಂತ ಕೈ ಮುಗದು ಸಾಕಾಗ್ಯದ್ರಿ," ಅಂದಳು ನಾಗು.

ಎಲ್ಲರ ಫೋಟೋ ತೆಗೆದೆ. ಸಣ್ಣ ಮಗನದು ಅವರ ಫೋನಿನಲ್ಲಿತ್ತು, ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್ಲಿನಲ್ಲಿದ್ದ ಹುಲಿಗೆವ್ವನ ತಾಯಿಯದೂ ಇತ್ತು. ತಾಯವ್ವ ಅಂತ ಆಕೆಯ ಹೆಸರು. ಹುಲಿಗೆವ್ವನದು ಅಗಲ ಮೂಗು, ಎದ್ದ ಕೆನ್ನೆಮೂಳೆ. ಥೇಟ್ ತಾಯವ್ವ. ನಾಗುವೂ ಹಾಗೇ, ಅದರ ಮೇಲೆ ತಾಯವ್ವನ ಹಾಗೇ ಬೆಕ್ಕಿನ ಕಣ್ಣು, ಜೇನಿನ ಬಣ್ಣದವು. ಹುಲಿಗೆವ್ವನ ಕಣ್ಣು ಕಪ್ಪು. ಗಂಡುಮಕ್ಕಳಿಬ್ಬರೂ ಬೇರೆ ತರಹ. ಉದ್ದ ಮುಖ, ಚೂಪು ಮೂಗು, ಕಪ್ಪು ಕಣ್ಣು.

"ನಿಮ್ಮ ಯಜಮಾನ್ರಿಗಿ ಅಣ್ಣತಮ್ಮರು ಯಾರರ ಅದಾರೇನವ್ವಾ?" ಅಂತ ಕೇಳಿದೆ.

"ಇಲ್ಲಪ್ಪಾ. ಒಬ್ಬನ ಗಂಡುಮಗ," ಅಂದಳು ಹುಲಿಗೆವ್ವ.

ತಾಯಿ, ಮಗ ಚಹಾಕ್ಕೆ ಹೊರಗೆ ಹೋದಾಗ ನಾಗು ನನ್ನ ಟೇಬಲ್ಲಿನ ಹತ್ತಿರ ಬಂದಳು.

"ಯಣ್ಣಾ, ಒಂದು ಕೇಳ್ತೀನಿ, ಖರೆ ಹೇಳ್ರಿ. ನನ್ನ ಮಾರಿಯಾಗ ನಮ್ಮಪ್ಪಂದು ಏನರ ಅದನ?"

"ಯಾಕ ಕೇಳ್ತಿ?"

"ಹೆಣ್ಣು ನೋಡಾಕ ಬಂದಾಗ ನಮ್ಮ ಅತ್ತಿ ಆಗಾಕಿ ಅಂದ್ಳು. ಹುಡುಗಿ ಛಲೋ ಅದಾಳ, ಖರೆ ಅಣ್ಣದೇರಂಗ ಒಂಚೂರೂ ಇಲ್ಲ, ಅಪ್ಪಂದು ಏನ್ ಬಂದದ ಈಕಿಗಿ ಅಂತ. ನಕ್ಕೋತ ಅಂದ್ಳು. ನಮ್ಮವ್ವ ಒಳಗ ಹೋಗಿ ಹೊರಗ ಬರಲೇ ಇಲ್ಲ. ಊರಾಗೂ ಅಂತಾರ. ನನಗ ರೂಢಿ ಆಗ್ಯದ. ನಮ್ಮವ್ವಗ ಆಗಿಲ್ಲ."

ನನಗೆ ಬಸ್ ಸ್ಟ್ಯಾಂಡಿನ ಚಪ್ಪಲಿ ನೆನಪಾಯಿತು. "ನಾವು ಫೋಟೋ ಮಾಡ್ತೀವಿ ತಂಗಿ. ಅದನ್ನ ಹೇಳಂಗಿಲ್ಲ," ಅಂದೆ.

"ಹಂಗಾರ ಫೋಟೋ ಮಾಡ್ರಿ. ನಾನ ನೋಡ್ಕೋತೀನಿ," ಅಂದಳು.

ಸೇಠ್ ಹೇಳಿಕೊಟ್ಟ ಲೆಕ್ಕ ಹಾಕಿದೆ. ಅಗಲ ಮೂಗು ತಾಯಿಯದು, ಬಾಜೂ ಇಟ್ಟೆ. ಕೆನ್ನೆಮೂಳೆ ತಾಯಿಯದು, ಬಾಜೂ. ಬೆಕ್ಕಿನ ಕಣ್ಣು ತಾಯಿಯ ತಾಯಿಯದು, ಬಾಜೂ. ಉಳಿದದ್ದು ಗಂಡುಮಕ್ಕಳ ಉದ್ದ ಮುಖ, ಚೂಪು ಮೂಗು. ಅದರಿಂದ ಒಬ್ಬ ಗಂಡಸನ್ನು ಮಾಡಿದೆ. ಬಹಳ ಚೊಕ್ಕ ಕೆಲಸ. ನೋಡಿದವರು ಕ್ಯಾಮೆರಾದಲ್ಲೇ ತೆಗೆದದ್ದು ಅನ್ನಬೇಕು. ಆದರೆ ನಾಗುವಿನದು ಅದರಲ್ಲಿ ಏನೂ ಇರಲಿಲ್ಲ. ನಾನೇನು ಮಾಡಲಿ, ಲೆಕ್ಕ ಹಾಗೆ ಬಂತು ಅಂದುಕೊಂಡೆ.

ಅವರು ಬಂದರು. ಹುಲಿಗೆವ್ವ ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದಳು. ನೋಡಿ ನನ್ನ ಕಡೆ ತಿರುಗಿದಳು.

"ಇವ ನಮ್ಮಪ್ಪ ಅಲ್ಲೇನೋ ತಮ್ಮಾ."

"ಯಾರು?"

"ನಮ್ಮಪ್ಪ. ನನ್ನ ಹಡದಪ್ಪ. ನನ್ನ ಗಂಡನ್ನ ಮಾಡು ಅಂದ್ರ ನಮ್ಮಪ್ಪನ್ನ ಮಾಡಿ ಕೂಡ್ರಿಸಿಯಲ್ಲೋ."

ದ್ಯಾವಪ್ಪ ಜೋರಾಗಿ ನಕ್ಕ. ನಾಗು ನಗಲಿಲ್ಲ. ಸ್ಕ್ರೀನ್ ನೋಡಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಸೇಠ್, "ಬಿಡು ಹುಸೇನ್ಯಾ, ಇದು ಕೂಡಂಗಿಲ್ಲ. ರೊಕ್ಕ ವಾಪಸ್ ಕೊಟ್ಟು ಕಳಿಸು," ಅಂದರು. ನನಗೆ ತಲೆ ಕೆಟ್ಟಿತು. ನಾನು ಮಾಡಿದ ಮುಖ ಯಾರಂತೆಯೂ ಇರದಿದ್ದರೆ ಸೋತೆ ಅನ್ನಬಹುದಿತ್ತು. ಇದು ಒಬ್ಬ ನಿಜವಾದ ಮನುಷ್ಯನಂತೆ ಬಂದಿದೆ, ಅವನನ್ನು ನಾನು ಕಂಡೇ ಇಲ್ಲ. ಅಂದರೆ ಹುಲಿಗೆವ್ವನ ಅಪ್ಪನ ಮುಖ ಹುಲಿಗೆವ್ವನಲ್ಲಿ ಎಲ್ಲೂ ಕಾಣದೆ, ಅವಳ ಒಳಗೇ ಇದ್ದು, ಅವಳ ಗಂಡುಮಕ್ಕಳಲ್ಲಿ ಎದ್ದಿದೆ. ಹಾಗಾದರೆ ಸತ್ತವನ ಮುಖ ಎಲ್ಲಿ ಹೋಯಿತು?

"ಯವ್ವಾ," ಅಂದೆ, "ನಿಮ್ಮ ಯಜಮಾನ್ರ ಕಡಿಯವರು ಒಬ್ಬರೂ ಜೀವಂತ ಇಲ್ಲೇನು? ಗಂಡಸ ಆಗಬೇಕಂತಿಲ್ಲ, ಹೆಣ್ಣಾದ್ರೂ ನಡೀತದ."

"ಅಕ್ಕ ಅದಾಳಲ್ಲ."

"ಅಕ್ಕ ಅದಾಳೇನು? ಮೊದಲ ಯಾಕ ಹೇಳಲಿಲ್ಲ?"

"ನೀ ಅಣ್ಣತಮ್ಮರನ್ನ ಕೇಳಿದಿ."

"ಎಲ್ಲಿ ಅದಾಳ ಆಕಿ?"

"ಹಿರೇಕೊಟ್ನೆಕಲ್ಲಿನಾಗ. ನಮ್ಮವ್ವ."

"ನಿಮ್ಮವ್ವ ಇರಲಿ ಬೇ. ನಿಮ್ಮ ಗಂಡನ ಅಕ್ಕ ಎಲ್ಲಿ ಅದಾಳ?"

"ಅದನ ಹೇಳಾಕತ್ತೀನಲ್ಲೋ. ನಮ್ಮವ್ವನೇ ಅವನ ಅಕ್ಕ. ಅಕ್ಕನ ಮಗಳನ್ನ ಲಗ್ನ ಆದ. ನನಗ ಅವ ಸ್ವಾದರಮಾವ."

ನಾನು ಕೂತಲ್ಲಿಂದ ಎದ್ದು ನಿಂತೆ. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಹೊಸದೇನಲ್ಲ. ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಸೇಠ್ ಅವರ ಊರಿನಲ್ಲಿ ಅಕ್ಕನ ಮಗಳೆಂದರೆ ಮಗಳೇ, ಲಗ್ನದ ಮಾತೇ ಇಲ್ಲ. ಅವರ ಲೆಕ್ಕ ಅಲ್ಲಿಯದು. ಅಲ್ಲಿ ತಾಯಿಯದನ್ನು ತೆಗೆದರೆ ಅಪ್ಪನದು ಉಳಿಯುತ್ತದೆ. ಇಲ್ಲಿ ತಾಯಿಯದನ್ನು ತೆಗೆದರೆ ಅಪ್ಪನದೂ ಅದರ ಜೊತೆಗೇ ಹೋಗುತ್ತದೆ. ನಾನು ತಾಯವ್ವನ ಮೂಗು, ಕೆನ್ನೆ ಅಂತ ಬಾಜೂ ಇಟ್ಟದ್ದೇ ಸತ್ತವನ ಮುಖ. ಅಕ್ಕನ ಮುಖದಲ್ಲಿ ತಮ್ಮ ಇದ್ದ. ಸೇಠ್ ಕಾಕಾ ಅಂದಿದ್ದರು, ದೊಡ್ಡಪ್ಪ ಅಂದಿದ್ದರು. ಸೋದರತ್ತೆ ಅಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಮನೆಯವರಿಗೂ ಆಕೆ ಅವ್ವನ ಅವ್ವ ಅಷ್ಟೇ, ಅಪ್ಪನ ಅಕ್ಕ ಅನ್ನುವುದು ಬಾಯಿಗೆ ಬರುತ್ತಲೇ ಇರಲಿಲ್ಲ.

ಮೊದಲು ಕೂಡದೆ ಹೋದ ಮುಖಗಳೆಲ್ಲ ನೆನಪಾದವು. ಅವತ್ತಿನಿಂದ ನಾನು ಯಾವ ಹೆಂಗಸು ಬಂದರೂ ಕೇಳುತ್ತಿದ್ದ ಮೊದಲ ಪ್ರಶ್ನೆ ಇದು: ಲಗ್ನಕ್ಕಿಂತ ಮುಂಚೆ ನೀವು ನಿಮ್ಮ ಯಜಮಾನರಿಗೆ ಏನಾಗಬೇಕಿತ್ತು? ಈ ಸೀಮೆಯಲ್ಲಿ ಈ ಕೆಲಸ ಮಾಡುವವರು ಕ್ಯಾಮೆರಾ ಇಲ್ಲದಿದ್ದರೂ ನಡೆಸಬಹುದು. ಈ ಪ್ರಶ್ನೆ ಇಲ್ಲದೆ ನಡೆಸಲಾರರು.

ಮರುದಿನವೇ ಕ್ಯಾಮೆರಾ ಹಿಡಿದು ಮಾನ್ವಿ ಬಸ್ಸು ಹತ್ತಿದೆ. ಹುಲಿಗೆವ್ವ, ನಾಗು ನನಗಿಂತ ಮುಂಚೆ ಹಿರೇಕೊಟ್ನೆಕಲ್ಲಿಗೆ ಬಂದಿದ್ದರು. ತಾಯವ್ವ ಅಂಗಳದಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು.

"ಸತ್ತವನ ಫೋಟೋಕ್ಕ ಬದುಕಿದಾಕಿನ್ನ ಯಾಕ ಕೂಡ್ರಸ್ತಿ?" ಅಂದಳು.

"ನಿಮ್ಮ ತಮ್ಮ ನಿಮ್ಮಂಗ ಇದ್ದನೇನು ಯವ್ವಾ?"

"ನನ್ನಂಗ ಇದ್ದಾ? ಸಣ್ಣಂದಿದ್ದಾಗ ನನ್ನ ಲಂಗಾ ಹಾಕ್ಕೊಂಡು ಓಣ್ಯಾಗ ಅಡ್ಡಾಡಿದ್ರ ಮಂದಿ ತಾಯವ್ವಾ ಅಂತ ಕರೀತಿದ್ರು ಅವನ್ನ. ಬಾಡಕೋ."

ಫೋಟೋ ತೆಗೆದೆ. ಆದರೆ ಸೆರಗಿನ ಒಳಗಿನ ಮುಖ ಹೆಂಗಸಿನದೇ, ಹಣೆಯ ಅಳತೆ ಸಿಗುತ್ತಿಲ್ಲ. ತಾಯವ್ವನ ಮಗನ ರುಮಾಲು ಅಂಗಳದ ಹಗ್ಗದ ಮೇಲಿತ್ತು. "ಯವ್ವಾ, ಇದನ್ನ ತಲಿಗಿ ಸುತ್ಕೊಳ್ರಿ," ಅಂದೆ. ತಾಯವ್ವನಿಗೆ ಬಹಳ ಮಜಾ ಅನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರಂತೆ ರುಮಾಲು ಸುತ್ತಿಕೊಂಡು, ಗದ್ದ ಎತ್ತಿ ಕೂತಳು.

ಹುಲಿಗೆವ್ವ ಒಳಗಿನಿಂದ ಚಹಾ ತರುತ್ತಿದ್ದಳು. ಹೊಸ್ತಿಲ ಮೇಲೆ ನಿಂತಳು. ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ತಿರುಗಿ ಒಳಗೆ ಹೋದಳು.

"ಯಾಕ ಹೋದ್ಲಾಕಿ?" ಅಂದಳು ತಾಯವ್ವ.

ನಾನು ಕ್ಯಾಮೆರಾ ಒತ್ತಿದೆ. ನಾಗು ಅಜ್ಜಿಯನ್ನು ನೋಡುತ್ತ ನಿಂತಿದ್ದಳು, ಜೇನಿನ ಬಣ್ಣದ ಕಣ್ಣು ಜೇನಿನ ಬಣ್ಣದ ಕಣ್ಣನ್ನು.

"ನಿಮ್ಮ ತಮ್ಮನ ಕಣ್ಣೂ ಹಿಂಗ ಇದ್ದವೇನು?" ಅಂತ ಕೇಳಿದೆ.

"ಇಲ್ಲ. ಅವನವು ಕರಿ. ಇವು ನಮ್ಮಪ್ಪನವು. ನಮ್ಮಪ್ಪನ ಕಣ್ಣು ನೋಡಿ ದನಾನೂ ಹೆದರ್ತಿದ್ದವು."

ವಾಪಸ್ಸು ಬಂದು ಹಗಲೆಲ್ಲ ಕೂತೆ. ಮುದುಕಿಯ ಮುಖದಿಂದ ವಯಸ್ಸು ತೆಗೆಯುವುದು ಸುಲಭ, ಹೆಣ್ಣುತನ ತೆಗೆಯುವುದು ಕಷ್ಟ. ಹುಬ್ಬಿನ ಮೂಳೆ ಎತ್ತಿದೆ, ದವಡೆ ಅಗಲ ಮಾಡಿದೆ, ದ್ಯಾವಪ್ಪನ ಮೀಸೆ ಇಟ್ಟೆ. ಫೋನಿನಲ್ಲಿ ಈಗ ಇದೆಲ್ಲ ಒಂದು ಗುಂಡಿ ಒತ್ತಿದರೆ ಆಗುತ್ತದೆ ಅನ್ನುತ್ತಾರೆ ಹುಡುಗರು. ಆಗುತ್ತದೆ. ಒತ್ತಿ ನೋಡಿದ್ದೇನೆ. ಬೆಳ್ಳಗೆ, ನುಣ್ಣಗೆ, ಚೂಪು ಮೂಗಿನವನೊಬ್ಬ ಬರುತ್ತಾನೆ. ಯಾರ ಅಪ್ಪನನ್ನು ಕೇಳಿದರೂ ಅವನೇ ಬರುತ್ತಾನೆ.

ಎರಡು ದಿನ ಬಿಟ್ಟು ನಾಗು ಒಬ್ಬಳೇ ಬಂದಳು, ತಾಯಿ ಸಂತೆಯಲ್ಲಿ ಇದ್ದಾಳೆ, ಹಿಂದಿನಿಂದ ಬರುತ್ತಾಳೆ ಅಂತ. ಸ್ಕ್ರೀನ್ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು:

"ಯಣ್ಣಾ, ಕಣ್ಣು ನನ್ನಂಗ ಮಾಡ್ರಿ."

"ಕರಿ ಇದ್ದವಂತ ನಿಮ್ಮಜ್ಜಿ ಹೇಳ್ಯಾಳ."

"ಮಂದಿಗೇನ್ ಗೊತ್ತಾಗ್ತದ? ಬೆಕ್ಕಿನ ಕಣ್ಣು ಮಾಡಿಬಿಡ್ರಿ. ಅತ್ತಿ ಬಾಯಿ ಮುಚ್ಚತದ. ನಮ್ಮವ್ವಗ ಸಾಕಾಗ್ಯದ್ರಿ."

ಮಾಡಿದರೆ ಒಂದು ಗಳಿಗೆಯ ಕೆಲಸ. ನನಗೆ ಆ ಹುಡುಗಿಯ ಮೇಲೆ ಕನಿಕರವೂ ಇತ್ತು. ಆದರೆ ಗಿಲ್ಲೆಸುಗೂರಿನ ಮುದುಕಿ ಫ್ರೇಮು ಕಂಕುಳಲ್ಲಿ ಹಿಡಿದು ಬಂದದ್ದು ಕಣ್ಣ ಮುಂದೆ ಬಂತು.

"ಮಾಡಂಗಿಲ್ಲ," ಅಂದೆ. "ಮಾಡಿದ್ರ ಮಂದಿ ಬಾಯಿ ಮುಚ್ಚತದ, ನಿಮ್ಮವ್ವನ ಗಂಡ ಇನ್ನೊಮ್ಮಿ ಕಳದು ಹೋಗ್ತಾನ."

ಆಗ ನಾನು ಸೇಠ್ ಹಾಕಿದ ಗೆರೆ ದಾಟಿದೆ. ಆ ಎರಡು ದಿನ ಫೋನಿನಲ್ಲಿ, ಕಣ್ಣಿನ ಬಣ್ಣ ಹಿರಿಯರಿಂದ ಹೇಗೆ ಇಳಿದು ಬರುತ್ತದೆ ಅನ್ನುವ ವಿಡಿಯೋ ನೋಡಿದ್ದೆ. ಜೀನು ಅನ್ನುತ್ತಾರಲ್ಲ, ಅದು. ಎಲ್ಲ ತಿಳಿಯಲಿಲ್ಲ, ಬೇಕಾದಷ್ಟು ತಿಳಿಯಿತು.

"ಕೇಳು ತಂಗಿ. ಆ ಕಣ್ಣು ನಿಮ್ಮಜ್ಜಿ ಅಪ್ಪಂದು. ನಿಮ್ಮಜ್ಜಿ ಅಪ್ಪ ಅಂದ್ರ ಯಾರು? ನಿಮ್ಮಪ್ಪನ ಅಪ್ಪ. ನಿಮ್ಮವ್ವನ ಕಣ್ಣು ಕರಿ, ಒಳಗ ಅದು ಮುಚ್ಕೊಂಡದ. ನಿಮ್ಮಪ್ಪನ ಕಣ್ಣೂ ಕರಿ, ಅವನ ಒಳಗೂ ಅದ ಮುಚ್ಕೊಂಡಿತ್ತು. ಒಬ್ಬರ ಕಡಿಯಿಂದ ಅಷ್ಟ ಬಂದಿದ್ರ ಅದು ಬಹಳ ಮಾಡಿ ಹೊರಗ ಕಾಣಂಗಿಲ್ಲಂತ. ಎರಡೂ ಕಡಿಯಿಂದ ಬಂದಾಗ ಕಾಣ್ತದ. ಊರಾಗಿನ ಮಂದಿ ಯಾವ ಕಣ್ಣು ನೋಡಿ ಅಪ್ಪಂದಲ್ಲ ಅಂತಾರ, ಅದು ಅಪ್ಪನ ಕಡಿಯಿಂದನೂ ಬಂದದ್ದು."

ನಾಗು ತನ್ನ ರೆಪ್ಪೆಯನ್ನು ಬೆರಳಿನಿಂದ ಮುಟ್ಟಿಕೊಂಡಳು. "ಹಂಗಾರ ಕರೀನ ಇರಲಿ," ಅಂದಳು.

ಹುಲಿಗೆವ್ವ ಬಂದಳು. ಸಂತೆಯ ಚೀಲ ಕೆಳಗಿಟ್ಟು ಸ್ಕ್ರೀನಿನ ಮುಂದೆ ನಿಂತಳು. ಸೇಠ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಕೆ ಹತ್ತಿರ ಬಂದಳು, ಹಿಂದೆ ಸರಿದಳು. ನಾನು ನಾಗುವಿನ ಕಡೆ ನೋಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ.

"ಗುಂಡಿ ಬಿಚ್ಚು," ಅಂದಳು ಹುಲಿಗೆವ್ವ.

"ಏನ್ ಯವ್ವಾ?"

"ಕೊಳ್ಳಾನ ಗುಂಡಿ. ಯಾವತ್ತೂ ಹಾಕ್ತಿದ್ದಿಲ್ಲ. ಹಾಕ್ಕೋ ಅಂದ್ರ ಉಸುರು ಕಟ್ತದ ಅಂತಿದ್ದ. ಮತ್ತ ಈ ಬಿಳಿ ಅಂಗಿ ಯಾರ ಕೊಟ್ರು ಇವಗ? ಗಾರಿ ಕೆಲಸದವಗ ಬಿಳಿ ಅಂಗಿ ಎಲ್ಲಿಂದ ಬರ್ತದ? ನೀಲಿ ಮಾಡು."

ಸೇಠ್ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. ಆದರೂ ಅವರ ದನಿ ಬಂತು. "ಹುಸೇನ್ಯಾ, ಪ್ರಿಂಟ್ ತೆಗಿ."

ಗುಂಡಿ ಬಿಚ್ಚಿ, ಅಂಗಿ ನೀಲಿ ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆದು ಫ್ರೇಮ್ ಕಟ್ಟಿಕೊಟ್ಟೆ.

ಮದುವೆಗೆ ನನ್ನನ್ನು ಕರೆದರು. ದೇವದುರ್ಗಕ್ಕೆ ಹೋದೆ. ಹಂದರದಲ್ಲಿ ಒಂದು ಕುರ್ಚಿಯ ಮೇಲೆ ಫೋಟೋ ಇಟ್ಟು ಹಾರ ಹಾಕಿದ್ದರು. ತಂಬಿಗೆ ಇರಲಿಲ್ಲ. ನಾನು ಊಟಕ್ಕೆ ಹೋಗದೆ ಕಂಬದ ಹತ್ತಿರ ನಿಂತೆ. ನನಗೆ ಬೇಕಾಗಿದ್ದವಳು ಒಬ್ಬಳೇ, ಹುಡುಗನ ತಾಯಿ. ಕೊನೆಗೆ ಬಂದಳು. ಫೋಟೋದ ಮುಂದೆ ನಿಂತು ನೋಡಿದಳು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ನಾಗುವಿನ ಕಡೆ ನೋಡಿದಳು. ಮೂಗು ನೋಡಿದಳು, ಕೆನ್ನೆ ನೋಡಿದಳು. ಮತ್ತೆ ಫೋಟೋ ನೋಡಿದಳು. ಹುಲಿಗೆವ್ವ ಪಕ್ಕದಲ್ಲೇ ಇದ್ದಳು, ಅಕ್ಕಿಯ ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡು.

"ಏನ್ ಬೀಗತಿ," ಅಂದಳು ಹುಡುಗನ ತಾಯಿ, "ಫೋಟೋ ತೆಗಸುವಾಗರ ಬೀಗರು ಕೊಳ್ಳಾನ ಗುಂಡಿ ಹಾಕ್ಕೋಬಾರದಿತ್ತೇನು?"

"ಹೇಳಿ ಹೇಳಿ ಸಾಕಾಗಿ ಬಿಟ್ಟೀನಿ ಬಿಡ್ರಿ," ಅಂದಳು ಹುಲಿಗೆವ್ವ.

ನಾನು ಹೋಗಿ ಊಟಕ್ಕೆ ಕೂತೆ.